ಅಗಸಿಯ ಆಚೆಯ ನಾಯಿಗಳು

ಅಕ್ಕಲಕೋಟದಿಂದ ಮೈಂದರ್ಗಿಗೆ ಹೊರಟ ಬಸ್ಸು ನಡುದಾರಿಯಲ್ಲಿ ಕೆಟ್ಟಿತು. ಬಯ್ಯುತ್ತ ಇಳಿದೆ. ಎದುರಿನ ಹಳ್ಳಿ ಪ್ಲೇಗಿಗೆ ಹೆದರಿ ಖಾಲಿಯಾಗಿತ್ತು. ಜನರೆಲ್ಲ ಹೊಲದ ಗುಡಿಸಲುಗಳಲ್ಲಿದ್ದರು. ಊರ ಅಗಸಿ ಬಾಗಿಲ ಹೊರಗೆ ನಿಂತು ಕುರುಬರ ಮುದುಕಿಯೊಬ್ಬಳು ಜೋಳದ ರೊಟ್ಟಿಗಳಿಗೆ ದೇವರ ಪ್ರಸಾದವಾದ ಭಂಡಾರದ ಅರಿಶಿನ ಹಚ್ಚಿ ಒಳಗೆ ಎಸೆಯುತ್ತಿದ್ದಳು. ನಾಯಿಗಳು ಓಡಿ ಬಂದವು.

“ಮೈಲಾರಲಿಂಗನ ನಾಯಿ ಅದಾವ್ರಿ. ಅವಕ್ಕ ಹಾಕೂತನಕಾ ನಾವು ಉಣ್ಣಂಗಿಲ್ಲ,” ಎಂದಳು.

ಬಿಳಿ ನಾಯಿಯೊಂದು ಬಾಲ ಅಲ್ಲಾಡಿಸುತ್ತ ಅವಳತ್ತಲೇ ಬಂತು. “ಬರಬ್ಯಾಡೋ, ಅಲ್ಲೇ ನಿಂದ್ರು!” ಎಂದು ಗದರಿದಳು, ಕಣ್ಣು ತುಂಬಿತ್ತು. ಅದು ಅವಳ ಮನೆಯದೇ. ಅದರ ಮೈಮೇಲಿನ ಚಿಗಟ ಗುಡಿಸಲಿಗೆ ರೋಗ ತಂದೀತೆಂಬ ಭಯ. ರೊಟ್ಟಿ ಕಚ್ಚಿಕೊಂಡು ಹೋಗಿ ಅದು ಮುಚ್ಚಿದ ಬಾಗಿಲೊಂದರ ಮುಂದೆ ಮಲಗಿತು.

ಕೊನೆಯ ರೊಟ್ಟಿಯನ್ನು ಮುರಿದು, “ಹಸ್ದಿರಬೇಕು, ತಗೋರಿ ಯಪ್ಪಾ,” ಎಂದು ಅರ್ಧ ನನಗೆ ಚಾಚಿದಳು. ಎರಡೂ ಕೈಯೊಡ್ಡಿದೆ. ಅದಕ್ಕೂ ಭಂಡಾರ ಹಚ್ಚಿದ್ದಳು.