ಅಧ್ಯಕ್ಷರ ಮೈಕ್ ಆಫ್ ಮಾಡಿದಾಕೆ

ಒಂದು ನಿಮಿಷ, ಪುಟ ತಿರುಗಿಸಬೇಡಿ. ಈ ಹೆಂಗಸಿನ ಕಥೆ ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಬೈಯಿರಿ.

ಬೆಳಕು ಹರಿಯುವ ಹೊತ್ತು. ನಗರಸಭೆಯ ಸಭಾಂಗಣ ಖಾಲಿ. ಮೇಜಿನಿಂದ ಮೇಜಿಗೆ ಬಗ್ಗಿ, ಒಂದೊಂದೇ ಮೈಕಿನ ಧೂಳು ಒರೆಸಿ, "ಹಲೋ, ಹಲೋ" ಅನ್ನುತ್ತಿದ್ದಾರೆ ಆಕೆ. ಅದಕ್ಕೇ ಇಡೀ ಕಚೇರಿಗೆ ಆಕೆ 'ಹಲೋ ಅಕ್ಕ'. ಸದಸ್ಯರ ಸರದಿ ಬಂದಾಗ ಮೈಕ್ ಆನ್ ಮಾಡುವುದು, ಮುಗಿದಾಗ ಆಫ್ ಮಾಡುವುದು ಆಕೆಯ ಕೆಲಸ. ಇದೇ ಕೆಲಸದಲ್ಲಿದ್ದ ಗಂಡ ತೀರಿಕೊಂಡ ಮೇಲೆ ಗುತ್ತಿಗೆಯ ಮೇಲೆ ಸೇರಿದವರು. ವೈರ್ ಬೆಸೆಯುವುದನ್ನು ಕೈ ಸುಟ್ಟುಕೊಂಡೇ ಕಲಿತರು. ಮನೆಯಲ್ಲಿ ಅತ್ತೆ, ಕಾಲೇಜಿಗೆ ಹೋಗುವ ಮಗಳು. ದುಡಿಯುವ ಕೈ ಇದೊಂದೇ.

"ಕೆಲವ್ರು ಮೈಕ್ ನುಂಗೋ ಹಾಗೆ ಮಾತಾಡ್ತಾರೆ, ಕೆಲವ್ರು ಅದು ಕಚ್ಚುತ್ತೆ ಅನ್ನೋ ಹಾಗೆ ದೂರ ಕೂರ್ತಾರೆ. ಇಬ್ರ ಮಾತೂ ಜನಕ್ಕೆ ಒಂದೇ ಸಮ ಕೇಳಿಸ್ಬೇಕು. ಅಷ್ಟೇ ನಂದು."

ಈಚೆಗೆ ಹೊಸ ಅಧ್ಯಕ್ಷರು ಒಂದು ಪದ್ಧತಿ ತಂದರು. ಗಂಟೆ ಹೊಡೆದು ಸಭೆ ಶುರುವಾದ ಕೂಡಲೇ ತಮ್ಮ ಧರ್ಮದ ಪ್ರಾರ್ಥನೆ, ಅದೂ ಮೈಕಿನಲ್ಲಿ. ಎಲ್ಲರೂ ಎದ್ದು ನಿಲ್ಲಬೇಕು. ಹಲೋ ಅಕ್ಕನದೂ ಅದೇ ಧರ್ಮ. ಮೊದಲ ದಿನ ಖುಷಿಯಿಂದಲೇ ಎದ್ದು ನಿಂತಿದ್ದರಂತೆ. ನೀರಿನ ದೂರು ಹಿಡಿದು ಬಂದಿದ್ದ, ಬೇರೆ ಧರ್ಮದ ಸೊಪ್ಪಿನವಳು ಪಕ್ಕದಲ್ಲೇ ಕೂತಿದ್ದಳು. ಮೆಲ್ಲಗೆ ಕೇಳಿದಳಂತೆ: "ಅಕ್ಕಾ, ನಾನು ಎದ್ದೇಳದೆ ಇದ್ರೆ ನಮ್ಮ ಬೀದಿಗೆ ನೀರು ಬಿಡಲ್ವಾ?"

"ಮೈಯೆಲ್ಲಾ ಉರಿದುಹೋಯ್ತು. ನೀರು ಕೇಳೋಕೆ ಬಂದವಳು ನನ್ನ ದೇವರಿಗೆ ಹೆದರ್ಬೇಕಾ?"

ಮುಂದಿನ ಸಭೆಯಲ್ಲಿ ಅಧ್ಯಕ್ಷರು ಕಣ್ಣು ಮುಚ್ಚಿ ಮೊದಲ ಸಾಲು ಎತ್ತಿದರು. ಮೈಕ್ ಸತ್ತುಹೋಯಿತು. ತಟ್ಟಿದರು, ಊದಿದರು.

"ಏನಮ್ಮಾ, ಕೆಟ್ಟಿದೆಯಾ?"

"ಕೆಟ್ಟಿಲ್ಲ ಸಾರ್. ನಾನೇ ಆಫ್ ಮಾಡಿದೀನಿ. ಸಭೆ ಎಲ್ಲಾರದ್ದು. ಪ್ರಾರ್ಥನೆಗೆ ಹೊರಗೆ ಮೆಟ್ಟಿಲ ಹತ್ರ ಬನ್ನಿ, ನಾನೂ ಜೊತೆಗೆ ಹೇಳ್ತೀನಿ."

ಸುದ್ದಿ ಆಕೆಗಿಂತ ಮೊದಲೇ ಮನೆ ಸೇರಿತ್ತು. ಅತ್ತೆ ತಟ್ಟೆ ಕುಕ್ಕಿದರು. "ದೇವರ ಬಾಯಿ ಮುಚ್ಚಿಸಿ ಬಂದ್ಯಲ್ಲೇ!"

"ದೇವರದ್ದಲ್ಲ ಅತ್ತೆ, ಅಧ್ಯಕ್ಷರದ್ದು."

ಅತ್ತೆಗೆ ನಗು ತಡೆಯಲಾಗಲಿಲ್ಲ. ಆದರೂ ಆಮೇಲೆ ಮಾತು ಬಿಟ್ಟಿದ್ದಾರೆ.

ಇಂದು ಮತ್ತೆ ಸಭೆ. ಪ್ರಾರ್ಥನೆಗೆ ಮೈಕ್ ಹಾಕಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇದೇ ಕೊನೆಯ ದಿನ ಎಂದಿದ್ದಾರೆ ಅಧ್ಯಕ್ಷರು. ಗುಮಾಸ್ತರು ಬಂದು ಪಿಸುಗುಡುತ್ತಾರೆ: "ಎರಡು ನಿಮಿಷದ ಮಾತು ಕಣಕ್ಕಾ, ಸ್ವಿಚ್ ಒತ್ತಿ ಸುಮ್ನಾಗಿ."

"ನಿಮಗೆ ಎರಡು ನಿಮಿಷ. ನಿಲ್ಲೋಕೂ ಆಗದೆ ಕೂರೋಕೂ ಆಗದೆ ಒದ್ದಾಡೋರಿಗೆ?"

ಗಂಟೆ ಹೊಡೆಯುತ್ತದೆ. ಅಧ್ಯಕ್ಷರು ಎದ್ದು ಇತ್ತ ನೋಡುತ್ತಾರೆ. "ಆನ್ ಮಾಡಮ್ಮ."

ಹಲೋ ಅಕ್ಕ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಾರೆ. "ನೀರಿನ ದೂರು ಓದೋದಾದ್ರೆ ಈಗಲೇ ಮಾಡ್ತೀನಿ ಸಾರ್."

"ಹಾಗಾದ್ರೆ ಕೀಲಿ ಇಟ್ಟು ಹೊರಡು."

ಆಕೆ ಮೈಕ್ ಕೋಣೆಯ ಕೀಲಿಯನ್ನು ಅಧ್ಯಕ್ಷರ ಮುಂದಿಟ್ಟು, ಬೆನ್ನು ಬಾಗಿಸದೆ ಹೊರಬರುತ್ತಾರೆ. "ಕೆಲಸ ಹೋಯ್ತು, ಹೋಗ್ಲಿ. ಜನಾನ ಹೆದರಿಸೋಕೆ ನನ್ನ ಬೆರಳು ಮಾತ್ರ ಸಿಗಲ್ಲ."

ನಾಳೆ ಆ ಮನೆಯ ಒಲೆ ಹೇಗೆ ಉರಿಯುತ್ತದೋ ಗೊತ್ತಿಲ್ಲ. ಆಕೆಯ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?