ತಿಪ್ಪಕ್ಕನವರು ಕಟ್ಟಿದ ಹಿಂಬದಿಯ ಆಸನ

ಚಿತ್ರದುರ್ಗ ಜಿಲ್ಲೆಯಲ್ಲಿ ಮೋಟಾರು ವಾಹನಗಳ ಆಸನ ಕಟ್ಟುವ ಕಸುಬಿನಲ್ಲಿ ಪಳಗಿದವರನ್ನು ಹೆಸರಿಸಹೊರಟರೆ, ಮೊದಲು ಬರೆಯಬೇಕಾದ ಹೆಸರು ಶ್ರೀಮತಿ ತಿಪ್ಪಕ್ಕನವರದು. ಎಂಜಿನ್ ಬಿಚ್ಚಿ ಜೋಡಿಸುವವರಿಗೆ ಸಿಗುವ ಹೊಗಳಿಕೆ ಆಸನ ಹೊಲಿಯುವವರಿಗೆ ಸಿಗುವುದಿಲ್ಲ. ಕುಳಿತವರು ತಾವು ಕುಳಿತಿರುವುದನ್ನೇ ಮರೆಯುವಂತೆ ಮಾಡುವುದು ಅವರ ಕೆಲಸದ ಗೆಲುವಾದ್ದರಿಂದ ಅವರನ್ನು ನೆನೆಯುವವರೂ ಕಡಿಮೆ. ಈ 1979ರ ಅಕ್ಟೋಬರ್ ಕೊನೆಗೆ ನಮ್ಮ ಸರ್ಕಾರಿ ವಾಹನ ಕಾರ್ಯಾಗಾರದಿಂದ ನಿವೃತ್ತರಾಗುತ್ತಿರುವ ಅವರಿಗೆ ನೌಕರರ ಸಂಘವು ಅರ್ಪಿಸುತ್ತಿರುವ ಈ ಸಂಪುಟಕ್ಕೆ ಬರೆಯಿರೆಂದು ಕೇಳಿದಾಗ, ನನಗೆ ಸಂತೋಷಕ್ಕಿಂತ ಮೊದಲು ಅಳುಕು ಬಂದಿತು. ಅದರ ಕಾರಣವನ್ನು ಬರೆಯದೆ ಅವರನ್ನು ಹೊಗಳಲು ನನಗೆ ಅಧಿಕಾರವಿಲ್ಲ.

ತಾಳ್ಯದ ಕೂಲಿ ಕುಟುಂಬದಲ್ಲಿ ಹುಟ್ಟಿದ ಅವರು ಮದುವೆಯಾಗಿ ದುರ್ಗಕ್ಕೆ ಬಂದರು. ಕಾರ್ಯಾಗಾರದಲ್ಲಿ ಸುತ್ತಿಗೆ ಕೆಲಸಕ್ಕಿದ್ದ ಪತಿ ಅಕಾಲದಲ್ಲಿ ತೀರಿಕೊಂಡ ಮೇಲೆ, 1951ರಲ್ಲಿ ಅವರನ್ನು ಕಸ ಗುಡಿಸುವ ಕೆಲಸಕ್ಕೆ ತೆಗೆದುಕೊಳ್ಳಲಾಯಿತು. ಆಗ ಆಸನ ವಿಭಾಗದಲ್ಲಿದ್ದ ಹಿರಿಯರಾದ ಚಿಕ್ಕತಿಮ್ಮಪ್ಪನವರಿಗೆ ಕಣ್ಣು ಮಂಜಾಗಿತ್ತು. ಸೂಜಿಗೆ ದಾರ ಪೋಣಿಸಿಕೊಡಲು ಕರೆದವರು, ವರ್ಷ ತುಂಬುವುದರೊಳಗೆ ಸೂಜಿಯನ್ನೇ ಅವರ ಕೈಗೆ ಒಪ್ಪಿಸಿದರು. ಅಂದಿನಿಂದ ಇಂದಿನವರೆಗೆ ಆ ವಿಭಾಗದ ಹೊಲಿಗೆಯೆಲ್ಲ ತಿಪ್ಪಕ್ಕನವರದೇ. ಮೂಲವ್ಯಾಧಿಯಿಂದ ನರಳುತ್ತಿದ್ದರೂ ಸಂಕೋಚದಿಂದ ಬಾಯಿಬಿಡದಿದ್ದ ಚಾಲಕ ಕರಿಯಣ್ಣನವರ ಜೀಪಿನಲ್ಲಿ ಒಂದು ಬೆಳಿಗ್ಗೆ ನಡುವೆ ತಗ್ಗು ಬಿಟ್ಟು ಹೊಲಿದ ದಿಂಬು ಇತ್ತು. ಇಟ್ಟವರು ಯಾರೆಂದು ಯಾರೂ ಕೇಳಲಿಲ್ಲ, ತಿಪ್ಪಕ್ಕನವರೂ ಹೇಳಲಿಲ್ಲ.

ನಾನು ಉಗ್ರಾಣದ ಗುಮಾಸ್ತನಾಗಿ ಸೇರಿದ್ದು 1974ರಲ್ಲಿ. ನಾನು ಹೇಳಬೇಕಾದ ಘಟನೆ ನಡೆದದ್ದು 1976ರ ಬೇಸಿಗೆಯಲ್ಲಿ, ತುರ್ತು ಪರಿಸ್ಥಿತಿಯಿಂದಾಗಿ ಕಚೇರಿಗಳಲ್ಲಿ ಎಲ್ಲರೂ ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದ ಕಾಲದಲ್ಲಿ.

ಹೊಸದುರ್ಗದ ಬಾಡಿಗೆ ಕಾರಿನ ಚಾಲಕರಾದ ರಂಗಯ್ಯನವರು ತಮ್ಮ ಹಳೆಯ ಲ್ಯಾಂಡ್‌ಮಾಸ್ಟರ್ ಕಾರನ್ನು ನಮ್ಮ ಗೇಟಿನ ಮುಂದೆ ನಿಲ್ಲಿಸಿ, ಒಳಗೆ ಬಂದು ತಿಪ್ಪಕ್ಕನವರ ಎದುರು ಕುಸಿದು ಕುಳಿತರು. ಅವರ ಹೆಂಡತಿ ಏಕಾಂತಮ್ಮನಿಗೆ ಬೆನ್ನುಮೂಳೆಯ ಕ್ಷಯ. ಸೊಂಟದಿಂದ ಎದೆಯವರೆಗೆ ಪ್ಲಾಸ್ಟರ್ ಹಾಕಿದ್ದರು. ಹದಿನೈದು ದಿನಕ್ಕೊಮ್ಮೆ ದುರ್ಗದ ಆಸ್ಪತ್ರೆಗೆ ಕರೆತರಲೇಬೇಕಿತ್ತು.

"ಒಂದು ಗಟ್ಟಿ ಕುಲುಕು ಬಿದ್ರೂ ಕಾಲು ಹೋಗ್ತಾವೆ ಅಂದಾರೆ ಡಾಕ್ಟ್ರು. ನನ್ ಗಾಡಿ ಸೀಟಿನಾಗೆ ಸ್ಪ್ರಿಂಗೇ ಇಲ್ಲ ಕಣಕ್ಕ. ಮೊನ್ನೆ ರಾಮಗಿರಿ ಹತ್ರ ಗುಂಡಿಗೆ ಇಳಿದಾಗ ಅವಳು ಕೂಗಿದ್ದು ಇನ್ನೂ ಕಿವಿಯಾಗೈತೆ," ಎಂದರು.

ಆ ಕಾರಿನ ಸ್ಪ್ರಿಂಗುಗಳು ಮಾರುಕಟ್ಟೆಯಿಂದ ಮಾಯವಾಗಿ ಎಷ್ಟೋ ವರ್ಷಗಳಾಗಿದ್ದವು. ಆದರೆ ನಮ್ಮ ಅಂಗಳದಲ್ಲಿ, ಹಿರಿಯೂರಿನ ಬಳಿ ಲಾರಿಗೆ ಗುದ್ದಿ ಮುಂಭಾಗ ನಜ್ಜುಗುಜ್ಜಾಗಿದ್ದ ಹೊಸ ಮಾದರಿಯ ಅಂಬಾಸಿಡರ್ ಒಂದು ಹರಾಜಿಗಾಗಿ ಕಾಯುತ್ತಿತ್ತು. ಅದರ ಹಿಂಬದಿಯ ಆಸನಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ಹೊರಗೆ ಕೊಡಲು ಎಂಜಿನಿಯರರ ಲಿಖಿತ ಅನುಮತಿ ಬೇಕು. ಅವರು ಹತ್ತು ದಿನ ರಜೆಯ ಮೇಲಿದ್ದರು. ಬೀಗದ ಕೈ ನನ್ನ ಬಳಿಯಿತ್ತು. "ತಗೊಂಡು ಹೋಗ್ರಿ, ಸಾಹೇಬರು ಬಂದ ಮೇಲೆ ಬರೆಸಿದರಾಯಿತು" ಎಂದವನು ನಾನು. ಈ ಮಾತನ್ನು ನಾನೇ ಆಡಿದೆನೆಂದು ಓದುಗರು ದಯವಿಟ್ಟು ನೆನಪಿಡಬೇಕು.

ಹೊಸ ಆಸನದ ಚೌಕಟ್ಟು ಹಳೆಯ ಕಾರಿಗೆ ಎರಡು ಬೆರಳು ಅಗಲವಾಯಿತು. ತಿಪ್ಪಕ್ಕನವರು ಅದರ ಅಂಚಿನ ಸರಳನ್ನು ಕತ್ತರಿಸಿ ಬಾಗಿಸಿ ಕಟ್ಟಿದರು. ಸ್ಪ್ರಿಂಗುಗಳನ್ನು ಒಂದೊಂದಾಗಿ ಅಂಗೈಯಲ್ಲಿ ಒತ್ತಿ ನೋಡಿ, ಬಿಗಿಯಾದವುಗಳನ್ನು ಸೊಂಟ ಬರುವಲ್ಲಿಗೂ ಮೆತ್ತನೆಯವುಗಳನ್ನು ಭುಜ ಬರುವಲ್ಲಿಗೂ ಸೆಣಬಿನ ಹುರಿಯಿಂದ ಬಿಗಿದರು. ಬಳಿಕ ತಾವೇ ಆ ಆಸನದ ಮೇಲೆ ಮಲಗಿ, ಕಾರನ್ನು ಊರಾಚೆಯ ಕಲ್ಲುಹಾದಿಯಲ್ಲಿ ಓಡಿಸಲು ಹೇಳಿದರು. ಚುಚ್ಚಿದಲ್ಲೆಲ್ಲ "ತಡೀರಿ" ಎಂದು ನಿಲ್ಲಿಸಿ ಸೀಮೆಸುಣ್ಣದ ಗುರುತು ಹಾಕಿಕೊಂಡು, ಹಿಂದಿರುಗಿ ಬಿಚ್ಚಿ ಮತ್ತೆ ಕಟ್ಟಿದರು. ಮೂರನೆಯ ಸಲ ಅವರು ಒಮ್ಮೆಯೂ ಕಾರು ನಿಲ್ಲಿಸಲಿಲ್ಲ.

ರಜೆಯ ಮೇಲಿದ್ದ ಎಂಜಿನಿಯರರು ಮರಳಲಿಲ್ಲ. ಅಲ್ಲಿಂದಲೇ ಅವರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದ ಹೊಸ ಅಧಿಕಾರಿಗಳು ಮೂರನೆಯ ದಿನವೇ ಅಂಗಳ ಸುತ್ತಿ, ಜಖಂ ಕಾರಿನ ಬಾಗಿಲು ತೆರೆದು, "ಇದರ ಹಿಂದಿನ ಸೀಟು ಎಲ್ಲಿ?" ಎಂದು ಕೇಳಿದರು.

ನಾನು ಅವರ ಪಕ್ಕದಲ್ಲಿಯೇ ನಿಂತಿದ್ದೆ. ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ತಿಪ್ಪಕ್ಕನವರು ಮುಂದೆ ಬಂದು, "ನಾನು ಬಿಚ್ಕಂಡೆ ಸ್ವಾಮಿ. ಗುಮಾಸ್ತರಿಗೆ ಗೊತ್ತಿಲ್ಲ," ಎಂದುಬಿಟ್ಟರು.

ಎಂಟು ದಿನದೊಳಗೆ ಆಸನವನ್ನು ಇದ್ದಂತೆಯೇ ತಂದೊಪ್ಪಿಸಬೇಕು, ಇಲ್ಲವಾದರೆ ಸರ್ಕಾರಿ ಸೊತ್ತಿನ ಕಳವೆಂದು ಪೊಲೀಸರಿಗೆ ಬರೆಯಲಾಗುವುದು ಎಂದು ಅಂದೇ ನೋಟೀಸು ಬಂದಿತು. ಕತ್ತರಿಸಿದ ಸರಳನ್ನು ಇದ್ದಂತೆ ಮಾಡಲು ಯಾರಿಂದಲೂ ಸಾಧ್ಯವಿರಲಿಲ್ಲ. ಹಾಗೇಕೆ ಹೇಳಿದಿರೆಂದು ನಾನು ಕೇಳಿದ್ದಕ್ಕೆ, "ನಿಮ್ದಿನ್ನೂ ಖಾಯಂ ಆಗಿಲ್ಲ. ನಿಮ್ಮನ್ನ ಒಂದೇ ಮಾತಿನಾಗೆ ಮನೆಗೆ ಕಳಿಸ್ತಾರೆ. ನನ್ನ ಕಳಿಸಾಕೆ ನಾಕು ಕಾಗದನಾದ್ರೂ ಬರೀಬೇಕಲ್ಲ," ಎಂದರು.

ಆ ಮಾತಿಗೆ ನಾನು ಸಮಾಧಾನಪಟ್ಟುಕೊಂಡೆನೆಂದು ಹೇಳಲು ನಾಚಿಕೆಯಾಗುತ್ತದೆ. ಆದರೆ ಸಮಾಧಾನ ಉಳಿಯಲಿಲ್ಲ. ಊಟ ಸೇರದಾಯಿತು. ಗೇಟಿನಲ್ಲಿ ಜೀಪಿನ ಸದ್ದಾದರೆ ಪೊಲೀಸರೇನೋ ಎಂದು ಕಿಟಕಿಗೆ ಓಡುತ್ತಿದ್ದೆ. ನನ್ನ ಹೆಂಡತಿ ಚಂದ್ರಕ್ಕ, "ಏನಾಗೈತ್ರಿ ನಿಮಗೆ? ಕರೆದ್ರೆ ಬೆಚ್ಚಿ ಬೀಳ್ತೀರಿ," ಎಂದು ಕೇಳಿದಾಗ ತಲೆನೋವೆಂದು ಸುಳ್ಳು ಹೇಳಿದೆ. ತಿಪ್ಪಕ್ಕನವರು ಮಾತ್ರ ಎಂದಿನಂತೆ ಎಂಟು ಗಂಟೆಗೆ ಬಂದು ಸೂಜಿ ಹಿಡಿಯುತ್ತಿದ್ದರು. ಒಂದು ದಿನ ಅವರು ಹೊಲಿದ ಸಾಲು ಸೊಟ್ಟಗಾಗಿದ್ದುದನ್ನು ಕಂಡೆ. ಅವರ ಹೊಲಿಗೆ ಸೊಟ್ಟಗಾದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಐದನೆಯ ದಿನ ಸಂಜೆ ಅವರು ನನ್ನ ಮೇಜಿನ ಬಳಿ ಬಂದರು. "ಹೊಸದುರ್ಗಕ್ಕೆ ಹೋಗಾಣ ಬರ್ರಿ. ಸೀಟು ಬಿಚ್ಚಿ ಕೊಡ್ರಿ ಅಂತ ಕೇಳಬೇಕು. ಒಬ್ಬಳೇ ಹೋಗಿ ಆ ಹೆಣ್ಮಗಳ ಮುಖ ನೋಡಾಕೆ ನನ್ ಕೈಲಾಗಲ್ಲ."

ಮರುದಿನ ಬೆಳಗಿನ ಬಸ್ಸಿನಲ್ಲಿ ಹೋದೆವು. ರಂಗಯ್ಯನವರ ಮನೆ ಮುಂದೆ ಕಾರು ಹೊರಟು ನಿಂತಿತ್ತು. ಅಂದು ಆಸ್ಪತ್ರೆಯ ದಿನ. ಏಕಾಂತಮ್ಮನನ್ನು ನಾಲ್ವರು ಹಲಗೆಯ ಮೇಲೆ ಹೊತ್ತು ತಂದು ಹಿಂಬದಿಯ ಆಸನದ ಮೇಲೆ ಮಲಗಿಸಿದರು. ಆಕೆ ತಿಪ್ಪಕ್ಕನವರನ್ನು ಕಂಡೊಡನೆ, "ಅಕ್ಕ ಬಂದ್ಯಾ?" ಎಂದು ಕೈ ಚಾಚಿದಳು. ತಿಪ್ಪಕ್ಕನವರು ಆ ಕೈ ಹಿಡಿದು ಕಾರಿನ ನೆಲದ ಮೇಲೆ ಕುಳಿತರು. ಕೇಳಬೇಕಾದ ಮಾತನ್ನು ಕೇಳಲೇ ಇಲ್ಲ.

ನಾನು ಮುಂದಿನ ಹಳೆಯ ಆಸನದಲ್ಲಿ ಕುಳಿತಿದ್ದೆ. ಹೊಳಲ್ಕೆರೆಯ ಆಚೀಚೆ ರಸ್ತೆ ಅಗೆದು ಹಾಕಿದ್ದರು. ಪ್ರತಿ ಗುಂಡಿಗೂ ನನ್ನ ಬೆನ್ನಿಗೆ ಪೆಟ್ಟು ಬೀಳುತ್ತಿತ್ತು; ಪ್ರತಿ ಪೆಟ್ಟಿಗೂ ಹಿಂದಿನಿಂದ ಕೂಗು ಬರುವುದೆಂದು ಹಲ್ಲು ಕಚ್ಚಿ ಕಾಯುತ್ತಿದ್ದೆ. ರಂಗಯ್ಯನವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಏಕಾಂತಮ್ಮನ ದನಿ ಕೇಳಿತು.

"ಹೊಳಲ್ಕೆರೆ ಬಂತೇನ್ರಿ?"

"ಆಗಲೇ ದಾಟಿ ಬಂದ್ವಿ ಕಣೇ," ಎಂದರು ರಂಗಯ್ಯ.

"ಹೌದಾ? ಕಣ್ಣು ಹತ್ತಿತ್ತು."

ಆಕೆ ನಿದ್ದೆ ಮಾಡಿದ್ದಳು. ಇನ್ನು ಎರಡು ದಿನಕ್ಕೆ ಆ ಆಸನ ಅವಳ ಬೆನ್ನಿನಡಿಯಿಂದ ಹೋಗುವುದಿತ್ತು. ದುರ್ಗ ಹತ್ತಿರವಾಗುತ್ತಿದ್ದಂತೆ ನಾನು, "ರಂಗಯ್ಯನವರೇ, ಮೊದಲು ಕಾರ್ಯಾಗಾರದ ಮುಂದೆ ನಿಲ್ಲಿಸಿ," ಎಂದೆ. ತಿಪ್ಪಕ್ಕನವರು, "ಬ್ಯಾಡ ಹನುಮಂತಪ್ಪ," ಎಂದರು. ಈ ಐದು ವರ್ಷಗಳಲ್ಲಿ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೊಂದೇ ಸಲ.

ಒಳಗೆ ಹೋಗಿ ಅಧಿಕಾರಿಗಳೆದುರು, ಆಸನ ಕೊಟ್ಟವನು ನಾನು, ಸುಮ್ಮನಿದ್ದವನೂ ನಾನು ಎಂದು ಹೇಳಿದೆ. ಅವರು ಎದ್ದು ಕಾರಿನ ಬಳಿ ಬಂದರು. ಏನೂ ಅರಿಯದ ಏಕಾಂತಮ್ಮ ಮಲಗಿದಲ್ಲಿಂದಲೇ ಕೈ ಮುಗಿದಳು. ಅವರು ಆಸನದ ಅಂಚನ್ನು ಮುಟ್ಟಿ ನೋಡಿ, "ವೈದ್ಯರಿಂದ ಒಂದು ಪತ್ರ ತನ್ನಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಪತ್ರ ಕೊಟ್ಟ ಮೇಲೂ ಮೂರು ದಿನ ಉತ್ತರವಿರಲಿಲ್ಲ. ನೋಟೀಸಿನ ಗಡುವು ಮುಗಿದ ದಿನ, ಪೊಲೀಸರು ಬರುವರೆಂದು ತಿಪ್ಪಕ್ಕನವರು ಮನೆಯ ಕೀಲಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಕೆಲಸಕ್ಕೆ ಬಂದಿದ್ದರು. ಮರುದಿನ ಆದೇಶ ಬಂದಿತು. ಚಿಕಿತ್ಸೆ ಮುಗಿಯುವವರೆಗೆ ಆಸನವನ್ನು ಎರವಲು ಕೊಡಲಾಗಿತ್ತು. ತಿಪ್ಪಕ್ಕನವರಿಗೆ ಲಿಖಿತ ಎಚ್ಚರಿಕೆ. ನನ್ನ ಖಾಯಮಾತಿ ಒಂದು ವರ್ಷ ಮುಂದಕ್ಕೆ.

1977ರ ದೀಪಾವಳಿ ಕಳೆದ ಮೇಲೆ ರಂಗಯ್ಯನವರು ಆಸನ ಹಿಂದಿರುಗಿಸಲು ಬಂದರು. ಏಕಾಂತಮ್ಮ ಗೇಟಿನಿಂದ ಆಸನ ವಿಭಾಗದವರೆಗೆ ಯಾರ ಕೈಯನ್ನೂ ಹಿಡಿಯದೆ ನಿಧಾನವಾಗಿ ನಡೆದು ಬಂದಳು. ಆ ವೇಳೆಗೆ ಜಖಂ ಕಾರು ಹರಾಜಾಗಿ ಹೋಗಿತ್ತು. "ಕಾರಿಲ್ಲದ ಸೀಟನ್ನು ಎಲ್ಲಿಡಲಿ? ಅವರಿಗೇ ಬಿಡಿ," ಎಂದರು ಅಧಿಕಾರಿಗಳು. ತಿಪ್ಪಕ್ಕನವರು ಮಾತ್ರ ಹಾಗೆ ಬಿಡಲೊಪ್ಪದೆ, ಸಡಿಲವಾಗಿದ್ದ ಎರಡು ಹುರಿಗಳನ್ನು ಬದಲಿಸಿಯೇ ಕಳುಹಿಸಿದರು. ಆ ಕಾರು ಇಂದಿಗೂ ಹೊಸದುರ್ಗ ಶ್ರೀರಾಂಪುರಗಳ ನಡುವೆ ಓಡುತ್ತಿದೆ.

ನಾನು ಬಾಯಿ ಮುಚ್ಚಿಕೊಂಡಿದ್ದ ಆ ಆರು ದಿನಗಳ ಬಗ್ಗೆ ಇದುವರೆಗೆ ತಿಪ್ಪಕ್ಕನವರಲ್ಲಿ ಕ್ಷಮೆ ಕೇಳಿಲ್ಲ. ಅವರೂ ಆ ಮಾತೆತ್ತಿಲ್ಲ. ಅವರಿಗೆ ಓದಲು ಬಾರದ್ದರಿಂದ ಸಮಾರಂಭದ ದಿನ ಈ ಲೇಖನವನ್ನು ನಾನೇ ನಿಂತು ಓದಬೇಕೆಂದು ಸಂಘದವರು ತೀರ್ಮಾನಿಸಿದ್ದಾರೆ. ಈ ಸಾಲಿಗೆ ಬರುವ ಹೊತ್ತಿಗೆ ದನಿ ನಡುಗೀತೆಂದು ಈಗಿನಿಂದಲೇ ಹೆದರುತ್ತಿದ್ದೇನೆ. ತಿಪ್ಪಕ್ಕನವರೇ, ಮಾತನಾಡಬೇಕಾದವನು ನಾನಾಗಿದ್ದೆ. ನನ್ನ ಬದಲು ನೀವು ಮಾತನಾಡಿದಿರಿ. ಕ್ಷಮಿಸಿರಿ.

ನಿವೃತ್ತಿಯ ಮರುವಾರವೇ ಹೊಳಲ್ಕೆರೆಯ ಬಸ್ ನಿಲ್ದಾಣದ ಬಳಿ ಅವರು ಸ್ವಂತ ಅಂಗಡಿ ತೆರೆಯಲಿದ್ದಾರೆ. ಅವರ ಕಣ್ಣಿಗೆ ಮಂಜು ಕವಿಯದಿರಲಿ, ಬೆರಳಿಗೆ ನೋವು ಬಾರದಿರಲಿ, ನೂರು ವರ್ಷ ತುಂಬುವವರೆಗೆ ಕೆಲಸ ಅವರನ್ನು ಹುಡುಕಿಕೊಂಡು ಬರುತ್ತಿರಲಿ. ಅಂಗಡಿಯ ಮೊದಲ ದಿನ ನಾನೂ ಬರುತ್ತೇನೆ. ಬಾಗಿಲಲ್ಲಿ ನಿಂತಾಗ ಅವರು "ಬರ್ರಿ, ಕುಂತ್ಕಳ್ರಿ" ಎಂದರೆ, ಆಗ ಕುಳಿತುಕೊಳ್ಳುತ್ತೇನೆ.