ಸೋಮವಾರದ ರೊಟ್ಟಿ

ಅಂಗಳ ದಾಟಿ ಒಳಗೆ ಬಂದಾಗ ನನ್ನ ಬಲಗಾಲಿನ ಗುರುತು ನೆಲದ ಮೇಲೆ ಒದ್ದೆಯಾಗಿ ಮೂಡಿತ್ತು. ಮೊದಲು ನೋಡಿದವರು ಅತ್ತೆ. ನೀರು ತುಳಿದಿರಬೇಕೆಂದು ನಾನು ಸುಮ್ಮನಿದ್ದೆ. ನೀರಲ್ಲ, ಕೀವು. ಹೆಬ್ಬೆರಳಿನ ಅಡಿ ಗಾಯವಾಗಿ ಎಷ್ಟು ದಿನವಾಗಿತ್ತೋ ಗೊತ್ತಿಲ್ಲ. ನೋವೇ ಇರಲಿಲ್ಲ. ಬಗ್ಗಿ ನೋಡೋಣವೆಂದರೆ ಹೊಟ್ಟೆ ಅಡ್ಡ. ನೂರಾ ನಾಲ್ಕು ಕೆಜಿ ಹೊತ್ತು ತಿರುಗುವವಳಿಗೆ ತನ್ನ ಕಾಲ್ಬೆರಳು ಕಾಣುವುದು ಅಪರೂಪ.

ನಮ್ಮೂರು ಜುಗೂಳದಿಂದ ಗಂಡ ನನ್ನನ್ನು ಅಥಣಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಶುಗರ್ ನಾಲ್ಕುನೂರು ದಾಟಿತ್ತು. ಗಾಯ ಒತ್ತಿ ನೋಡಿದ ಡಾಕ್ಟರು, ಶುಗರಿನಿಂದ ಪಾದ ಮರಗಟ್ಟಿ ನೋವು ತಿಳಿದಿಲ್ಲ, ಶುಗರ್ ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದರು.

ಬೆರಳು ತೆಗೆಯುವುದು.

ಮನೆಯಲ್ಲಿ ನಾಲ್ಕು ಎಮ್ಮೆ. ಈ ಮೈಯಲ್ಲಿ ಹಾಲು ಹಿಂಡಲು ಕೂರುವುದೇ ಕಷ್ಟವಾಗಿತ್ತು. ಇನ್ನು ಹೆಬ್ಬೆರಳಿಲ್ಲದೆ ಏಳುವುದು ಹೇಗೆ, ನಿಲ್ಲುವುದು ಹೇಗೆ? ಅದೊಂದೇ ಭಯ ತಲೆಯಲ್ಲಿ ತಿರುಗುತ್ತಿತ್ತು.

ಅಡ್ಮಿಟ್ ಮಾಡಿಕೊಂಡರು. ಇನ್ಸುಲಿನ್, ಡ್ರೆಸ್ಸಿಂಗ್. ವಾರ್ಡಿನಲ್ಲಿ ನನ್ನಂಥ ಗಾತ್ರದವರೇ ಹೆಚ್ಚು. ಒಬ್ಬರಿಗೆ ಮೊಣಕಾಲು, ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ನಾಲ್ಕು ಹೆಜ್ಜೆಗೇ ಏದುಸಿರು. ನಾವು ಏನೂ ತಿನ್ನುವುದಿಲ್ಲ, ನೀರು ಕುಡಿದರೂ ಮೈ ಬರುತ್ತದೆ ಎಂಬುದು ಎಲ್ಲರ ಮಾತು. ನನ್ನ ದನಿಯೇ ಜೋರು. ಏಕೆಂದರೆ ವಾರಕ್ಕೆ ಮೂರು ದಿನ ನನಗೆ ಉಪವಾಸ! ಮದುವೆಯಾದ ವರ್ಷ ಅತ್ತೆ ತಮ್ಮ ಸೋಮವಾರದ ಉಪವಾಸವನ್ನು ನನಗೆ ಒಪ್ಪಿಸಿ ತಾವು ಬಿಟ್ಟಿದ್ದರು. ಶುಗರ್ ಗುಳಿಗೆ ಬರೆದುಕೊಟ್ಟು ತೂಕ ಇಳಿಸಿ ಎಂದು ಡಾಕ್ಟರು ಹೇಳಿದಾಗ ನಾನು ಗುರುವಾರ ಸೇರಿಸಿದೆ. ಇಳಿಯಲಿಲ್ಲ, ಶನಿವಾರವನ್ನೂ ಹಿಡಿದೆ. ಆ ದಿನಗಳಲ್ಲಿ ಸಬ್ಬಕ್ಕಿಯ ಸಾಬುದಾಣಿ ಖಿಚಡಿ, ಶೇಂಗಾದುಂಡಿ, ಬಾಳೆಹಣ್ಣು, ಸಕ್ಕರೆ ಹಾಕಿದ ಹಾಲು. ಉಪವಾಸದವಳು ಎರಡನೇ ತಾಟು ಖಿಚಡಿ ಹಾಕಿಕೊಂಡರೆ ಯಾರು ಬೇಡವೆನ್ನುತ್ತಾರೆ?

ರೌಂಡ್ಸಿಗೆ ಬಂದ ಡಾಕ್ಟರಮ್ಮ ಇದನ್ನೆಲ್ಲ ಕೇಳಿಸಿಕೊಂಡರು.

"ಅಕ್ಕಾರ, ಉಪವಾಸದ ದಿನಾ ಶುಗರ್ ಗುಳಿಗಿ ತಗೋತೀರಿಲ್ರಿ?"

"ಹೆಂಗ ತಗೋಳೂದ್ರಿ? ಊಟ ಆದಮ್ಯಾಲ ತಗೋರಿ ಅಂದಿದ್ರಿ. ಅವತ್ತ ನಾ ಊಟಾನ ಮಾಡೂದಿಲ್ಲ."

ಅವರು ನನ್ನ ಹಾಸಿಗೆಯ ಅಂಚಿಗೆ ಕುಳಿತರು. ಆಮೇಲೆ ಸಿಟ್ಟಿಲ್ಲದೆ ತಿಳಿಸಿ ಹೇಳಿದರು. ವಾರದಲ್ಲಿ ಮೂರು ದಿನ ಗುಳಿಗೆ ಇಲ್ಲ, ಮೇಲೆ ಸಾಬುದಾಣಿ ಎಂದರೆ ಬರೀ ಪಿಷ್ಟ, ಬೇಗ ಶುಗರ್ ಏರಿಸುತ್ತದೆ. ಗಾಯಕ್ಕೆ ನಾನೇ ಮೇವು ಹಾಕಿದ್ದೆ. ಮಾಡಿದ್ದುಣ್ಣೋ ಮಹರಾಯ. ಭಕ್ತಿಯೆಂದುಕೊಂಡು ಮಾಡಿದ್ದು ಹೀಗಾಯಿತಲ್ಲ ಎಂದು ಬಹಳ ಸಂಕಟವಾಯಿತು.

ಅತ್ತೆಯೂ ತಮ್ಮ ಕಾಲದಲ್ಲಿ ಅದೇ ಖಿಚಡಿ ತಿಂದವರು. ಆದರೆ ತಿಂದು ಎಮ್ಮೆ ಹೊಡೆದುಕೊಂಡು ಹೊಳೆದಂಡೆಗೆ ಹೋಗುತ್ತಿದ್ದರು. ನಾನು ತಿಂದು ಅಡ್ಡಾಗುತ್ತಿದ್ದೆ.

ಮರುದಿನ ಸೋಮವಾರ. ಬೆಳಿಗ್ಗೆ ಸಿಸ್ಟರ್ ಇನ್ಸುಲಿನ್ ಚುಚ್ಚಿ, ಈಗ ಉಣ್ಣದಿದ್ದರೆ ಶುಗರ್ ಕುಸಿದು ಎಚ್ಚರ ತಪ್ಪುತ್ತೀರಿ ಎಂದು ಎಚ್ಚರಿಸಿದರು. ತಾಟಿನಲ್ಲಿ ರೊಟ್ಟಿ, ಮೆಂತ್ಯೆ ಪಲ್ಯ. ಕೈ ಹೋಗಲಿಲ್ಲ. ಇಪ್ಪತ್ತಾರು ವರ್ಷ ಸೋಮವಾರ ರೊಟ್ಟಿ ಮುಟ್ಟಿದವಳಲ್ಲ. ಅದಕ್ಕಿಂತ ಹೆಚ್ಚಾಗಿ, ಮೊದಲ ಬಸ್ಸಿಗೆ ಬಂದ ಅತ್ತೆ ಎದುರಿಗೇ ಕುಳಿತಿದ್ದರು. ಡಾಕ್ಟರಿಗಿಂತ ನನಗೆ ಅವರದೇ ಹೆದರಿಕೆ.

ಅವರೇ ರೊಟ್ಟಿ ಮುರಿದು ನನ್ನ ಕೈಗಿಟ್ಟರು.

"ನಿನ್ನ ಸ್ವಾಮಾರ ಇನ್ನ ಮ್ಯಾಲ ನಾ ಹಿಡೀತೀನಿ. ಕೊಟ್ಟಾಕಿ ನಾನ, ಬಿಡಸಾಕೀನೂ ನಾನ. ನೀ ಉಣ್ಣು."

ಅಳುತ್ತಲೇ ಉಂಡೆ.

ಶುಗರ್ ನಿಧಾನಕ್ಕೆ ಇಳಿಯಿತು. ಕೀವು ನಿಂತು ಗಾಯದ ಅಂಚು ಕೂಡತೊಡಗಿತು. ಮೂರನೇ ವಾರ ಡಾಕ್ಟರು ಬ್ಯಾಂಡೇಜ್ ಬಿಚ್ಚಿ, ಇನ್ನು ಕತ್ತರಿಸುವ ಮಾತಿಲ್ಲ ಎಂದರು.

ಬೆರಳು ಉಳಿಯಿತು.

ಈಗ ತೂಕ ತೊಂಬತ್ತೆಂಟು. ಇನ್ನೂ ಇಳಿಯಬೇಕು. ಗುರುವಾರ, ಶನಿವಾರದ ಉಪವಾಸಗಳನ್ನು ನಾನೇ ಬಿಟ್ಟೆ. ದಿನಾ ಸಂಜೆ ಗಂಡ ನನ್ನ ಪಾದ ತಿರುಗಿಸಿ ನೋಡುತ್ತಾರೆ. ಮೊದಮೊದಲು ನಾಚಿಕೆಯಾಗುತ್ತಿತ್ತು, ಈಗ ಹಿತವೆನಿಸುತ್ತದೆ. ಸೋಮವಾರ ಬಂತೆಂದರೆ ಎಪ್ಪತ್ತು ದಾಟಿದ ಅತ್ತೆ ಮಿಂದು ಬಂದು ನನ್ನೆದುರು ಕೂರುತ್ತಾರೆ. ನಾನು ಉಂಡು ಗುಳಿಗೆ ನುಂಗುವವರೆಗೂ ಅವರು ಚಹಾ ಕೂಡ ಮುಟ್ಟುವುದಿಲ್ಲ.